ನಿಮಗಿದು ಗೊತ್ತೇ? ದಿನಾಚರಣೆ ಬೇರೆ, ರಜೆ ಬೇರೆ!

ಸೆಪ್ಟೆಂಬರ್ 5 ಶಿಕ್ಷಕರ ದಿನ, ನವೆಂಬರ್ 14 ಮಕ್ಕಳ ದಿನ, ನವೆಂಬರ್ 26 ಸಂವಿಧಾನ ದಿನ. ಮೂರಕ್ಕೂ ಭಾಷಣ ಉಂಟು, ಹಾರ ಉಂಟು, ರಜೆ ಮಾತ್ರ ಇಲ್ಲ.

ಕೈಲ್ ಮುಹೂರ್ತ, ಹುತ್ತರಿ ಹಬ್ಬಗಳ ರಜೆ ಕೊಡಗು ಜಿಲ್ಲೆಗಷ್ಟೇ. ಜಿಲ್ಲೆಯ ಗಡಿ ದಾಟಿ ಹುಣಸೂರಿಗೆ ಬಂದರೆ ಅಂದು ಮಾಮೂಲಿ ಕೆಲಸದ ದಿನ!

ಬ್ಯಾಂಕ್ ರಜೆಯ ಬೇರು ಇರುವುದು ಚೆಕ್ಕು, ಹುಂಡಿಗಳ ಕುರಿತ 1881ರ ಕಾಯ್ದೆಯಲ್ಲಿ. ಹುಂಡಿಯ ಗಡುವು ಸಾರ್ವಜನಿಕ ರಜೆಯ ದಿನ ಬಿತ್ತೋ, ಅದರ ಹಿಂದಿನ ಕೆಲಸದ ದಿನವೇ ಹಣ ಕಟ್ಟಬೇಕು. ಮರುದಿನ ನೋಡೋಣ ಎನ್ನುವಂತಿಲ್ಲ.

ಮತದಾನದ ದಿನ ದಿನಗೂಲಿಯವರಿಗೂ ಸಂಬಳಸಹಿತ ರಜೆ. ಕೊಡದ ಮಾಲೀಕರಿಗೆ ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ 500 ರೂಪಾಯಿ! ಯಾರು ತಾನೇ ಹೆದರುತ್ತಾರೆ?

ದಾದ್ರಾ ಮತ್ತು ನಗರ ಹವೇಲಿ 1954ರಲ್ಲಿ ಪೋರ್ಚುಗೀಸರ ಕೈತಪ್ಪಿತು. ಆ ನೆನಪಿಗೆ ಅಲ್ಲಿ ಆಗಸ್ಟ್ 2ರಂದು ರಜೆ ಇತ್ತು. 2021ರಲ್ಲಿ ಆಡಳಿತ ಅದನ್ನು ಪಟ್ಟಿಯಿಂದ ಕೈಬಿಟ್ಟಾಗ ಜಗಳ ಬಾಂಬೆ ಹೈಕೋರ್ಟಿಗೆ ಹೋಯಿತು. 2022ರ ಜನವರಿಯಲ್ಲಿ ಬಂದ ತೀರ್ಪು: ಸಾರ್ವಜನಿಕ ರಜೆ ಯಾರ ಮೂಲಭೂತ ಹಕ್ಕೂ ಅಲ್ಲ, ಅದು ಸರ್ಕಾರದ ನೀತಿಗೆ ಬಿಟ್ಟ ವಿಷಯ.

ಹಾಗಾದರೆ ನಮ್ಮ ರಾಜ್ಯೋತ್ಸವದ ರಜೆಯೂ ಸರ್ಕಾರದ ಮರ್ಜಿಯೇ? ಅಲ್ಲ. ಅದಕ್ಕೆ ಶಾಸನದ ಬಲವಿದೆ. ಕರ್ನಾಟಕದ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ) 1963ರ ಕಾಯ್ದೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಎಂದು ಐದು ದಿನಗಳನ್ನು ತಾರೀಖು ಸಮೇತ ಬರೆದಿಟ್ಟಿದೆ. ಹಬ್ಬಗಳಿಗೆಂದು ಇನ್ನೂ ಐದು. ಹತ್ತಕ್ಕೂ ಸಂಬಳ ಕೊಡಬೇಕು. ಹೆಸರಿನಲ್ಲಿ ‘ಕೈಗಾರಿಕೆ’ ಇದೆಯೆಂದು ಕಾರ್ಖಾನೆಗಷ್ಟೇ ಅನ್ನಬೇಡಿ, ಅಂಗಡಿ, ಖಾಸಗಿ ಕಚೇರಿಗಳೂ ಇದರೊಳಗೆ ಬರುತ್ತವೆ.

ಅಂದು ಕೆಲಸಕ್ಕೆ ಕರೆಯಬಾರದು ಎಂದೇನಿಲ್ಲ. ಕರೆದರೆ ದುಪ್ಪಟ್ಟು ಸಂಬಳ. ಇಲ್ಲವೇ ಆ ದಿನದ ಸಂಬಳದ ಜೊತೆಗೆ, ಬೇರೊಂದು ದಿನ ಸಂಬಳಸಹಿತ ರಜೆ. ಕೆಲವು ಕಡೆ ಹಳದಿ-ಕೆಂಪು ಶಾಲು ಹೊದಿಸಿ, ಫೋಟೋ ತೆಗೆಸಿ, ಒಂದು ಮೈಸೂರು ಪಾಕು ಕೈಗಿಟ್ಟು ಮತ್ತೆ ಕಂಪ್ಯೂಟರ್ ಮುಂದೆ ಕೂರಿಸುವುದುಂಟು. ಮೈಸೂರು ಪಾಕು ಸಂಬಳದ ಲೆಕ್ಕಕ್ಕೆ ಬರುವುದಿಲ್ಲ. ಕಳೆದ ನವೆಂಬರ್ 1ರಂದು ನೀವೂ ಹೀಗೆ ದುಡಿದಿದ್ದರೆ, ಆ ತಿಂಗಳ ಪೇ ಸ್ಲಿಪ್ ಒಮ್ಮೆ ತೆಗೆದು ನೋಡಿ.