ರೀಲು ಒಂದೇ, ಟಿಕೆಟ್ಟು ಬೇರೆ!

ನಮ್ಮೂರು ಸಾಲಗುಂದ. ಬೆಂಗಳೂರಲ್ಲಿ ನನಗೆ ಮೊದಲ ಸಂಬಳ ಬಂದ ಸುದ್ದಿ ತಿಳಿದಿದ್ದೇ ತಡ, ಸಿಂಧನೂರಲ್ಲಿ ರಾತ್ರಿ ಬಸ್ ಹತ್ತಿ ಐದು ಜನ ಗೆಳೆಯರು ಬಂದಿಳಿದರು. "ಪಾರ್ಟಿ ಎಲ್ಲಿ ಕೊಡ್ತಿ ಹೇಳಲೇ!" ಅದೇ ಸಂಬಳದಲ್ಲಿ ಮನೆಗೂ ಕಳಿಸಬೇಕು. ಎಲ್ಲಿಗೆ ಕರೆದೊಯ್ಯಲಿ?

ಒಂದು ಗುಟ್ಟು ಕೇಳಿ ಮಿತ್ರರೇ. 2003ರಲ್ಲಿ ಪಾನೀಯ ನಿಗಮ ಶುರುವಾದ ಮೇಲೆ ಬಾಟ್ಲಿಗಳೆಲ್ಲ ಬರುವುದು ಸರ್ಕಾರಿ ಡಿಪೋದಿಂದಲೇ. ವೈನ್ ಶಾಪಿನಲ್ಲಿ ಎಂ.ಆರ್.ಪಿ. ರೇಟು, ಆದರೆ ಕೂತು ಕುಡಿಯುವಂತಿಲ್ಲ. ಬಾರಿನಲ್ಲಿ ಅದೇ ನೈಂಟಿಗೆ ಕುರ್ಚಿ, ಫ್ಯಾನಿನ ಬಾಡಿಗೆಯೂ ಸೇರುತ್ತೆ. ಗಾಂಧಿ ಕ್ಲಾಸಿಗೂ ಬಾಲ್ಕನಿಗೂ ಓಡೋದು ಒಂದೇ ರೀಲು ತಾನೇ?

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್, 1940ರಲ್ಲಿ ಬೇಕರಿಯಾಗಿ ಹುಟ್ಟಿದ್ದು, ಹಳೇ ಕಪ್ಪುಬಿಳುಪು ಚಿತ್ರದ ಹಾಗೆ. ನಿಧಾನವಾಗಿ ಕೂತು ಹರಟೆ ಹೊಡೆಯಲು ಅದೇ ಸರಿ. ರೆಸ್ಟ್ ಹೌಸ್ ರಸ್ತೆಯ ಪೆಕೋಸ್‌ನಲ್ಲಿ ಇಂಗ್ಲಿಷ್ ರಾಕ್ ಸಂಗೀತ. ಕಿವಿ ಒಗ್ಗಿಸಿಕೊಂಡರೆ ಮಜಾ. ಇಂದಿರಾನಗರದ ಬ್ರೂವರಿಗಳ ಕಥೆಯೇ ಬೇರೆ. ಬೀರನ್ನು ಅಲ್ಲೇ ಕಣ್ಣೆದುರಿಗೇ ತಯಾರಿಸ್ತಾರೆ. ಶನಿವಾರ ಸಂಜೆ ಆರು ಜನಕ್ಕೆ ಟೇಬಲ್ ಅಂದರೆ, ಹೊಸ ಚಿತ್ರದ ಮೊದಲ ಷೋ ಟಿಕೆಟ್ಟೇ ಸುಲಭ!

ಮೆಜೆಸ್ಟಿಕ್‌ನಲ್ಲಿ ಬುಕಿಂಗ್ ಮಾತೇ ಇಲ್ಲ. ಹೋಗು, ಕೂರು, ಅಷ್ಟೇ. ಪಕ್ಕದಲ್ಲೇ ಗಾಂಧಿನಗರ, ಟೇಬಲ್ಲಿಗೊಬ್ಬ ಭಾವಿ ನಿರ್ದೇಶಕ ಕಥೆ ಹೇಳ್ತಿರ್ತಾನೆ, ಅದು ಪುಕ್ಕಟೆ! ಮನೆಗೆ ದುಡ್ಡು ಹಾಕಿ, ಉಳಿದಿದ್ದರಲ್ಲಿ ಗೆಳೆಯರನ್ನು ಕೂರಿಸಿದ್ದು ಅಲ್ಲೇ. ಶೇಂಗಾ ಬಂತು, ಗ್ಲಾಸು ಬಂತು.

"ಎ.ಸಿ. ಇಲ್ಲೇನಲೇ?" ಅಂದ ಒಬ್ಬ.

"ಐತಿ, ಮ್ಯಾಲಿನ ಮಹಡಿಯಾಗ. ಅಲ್ಲಿ ರೇಟು ಬ್ಯಾರೆ."