ಎರಡು ಭಾಷೆ, ಒಂದು ಪುಸ್ತಕ: ಮಕ್ಕಳೇ ಲೇಖಕರು

ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ಜಗತ್ತಿನ ಕೋಟ್ಯಂತರ ಮಕ್ಕಳ ಸ್ಥಿತಿ ಇದು. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಮಗು ತರಗತಿಯಲ್ಲಿ ತುಟಿ ಬಿಚ್ಚದೆ ಕುಳಿತರೆ ಅದಕ್ಕೆ 'ದಡ್ಡ' ಎಂಬ ಹಣೆಪಟ್ಟಿ ಬೀಳಲು ತಡವಾಗುವುದಿಲ್ಲ. ಮಗುವಿಗೆ ಗೊತ್ತಿರುವುದನ್ನು ಕೇಳಿಸಿಕೊಳ್ಳುವ ಭಾಷೆ ಶಾಲೆಯಲ್ಲಿಲ್ಲ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಇದಕ್ಕೆ ಕೆಲವು ಶಾಲೆಗಳು ಕಂಡುಕೊಂಡ ಪರಿಹಾರ ಸರಳವಾದುದು: ಮಕ್ಕಳು ಜೊತೆಗೂಡಿ ಎರಡೂ ಭಾಷೆಗಳಲ್ಲಿ ಬರೆಯುವುದು.

ಮಕ್ಕಳ ಸಾಮೂಹಿಕ ಬರವಣಿಗೆಗೆ ದೊಡ್ಡ ಇತಿಹಾಸವೇ ಇದೆ. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿದ್ದ ಫ್ರಾನ್ಸಿನ ಶಿಕ್ಷಕ ಸೆಲೆಸ್ತೆಂ ಫ್ರೆನೆ ಅವರಿಗೆ ಹೆಚ್ಚು ಹೊತ್ತು ಪಾಠ ಹೇಳುವುದು ಕಷ್ಟವಾಗಿತ್ತು. 1924ರಲ್ಲಿ ಅವರು ತಮ್ಮ ಹಳ್ಳಿ ಶಾಲೆಗೆ ಪುಟ್ಟ ಮುದ್ರಣ ಯಂತ್ರವೊಂದನ್ನು ತಂದರು. ಮಕ್ಕಳು ತಾವು ಕಂಡದ್ದನ್ನು ಬರೆದು, ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿದರು. ಆ ಹಾಳೆಗಳು ದೂರದ ಬ್ರಿಟನಿ ಪ್ರಾಂತ್ಯದ ಶಾಲೆಯೊಂದಕ್ಕೆ ಅಂಚೆಯಲ್ಲಿ ಹೋದವು. ಅಲ್ಲಿನ ಮಕ್ಕಳ ಬರಹ ಇಲ್ಲಿಗೆ ಬಂತು. ಓದುವವರು ಇದ್ದಾರೆ ಎಂದು ತಿಳಿದಾಗ ಮಗು ಮನಸ್ಸಿಟ್ಟು ಬರೆಯುತ್ತದೆ ಎಂಬುದೇ ಈ ಪದ್ಧತಿಯ ತಿರುಳು.

ಇದೇ ತಿರುಳನ್ನು ಹಿಡಿದು 1985ರಲ್ಲಿ ಅಮೆರಿಕ ಮತ್ತು ಪೋರ್ಟೊ ರಿಕೊದ ಶಿಕ್ಷಕರು 'ಡೆ ಒರಿಯಾ ಅ ಒರಿಯಾ' ಎಂಬ ಯೋಜನೆ ಆರಂಭಿಸಿದರು. ಸ್ಪ್ಯಾನಿಷ್‌ನ ಈ ಮಾತಿಗೆ 'ದಡದಿಂದ ದಡಕ್ಕೆ' ಎಂದರ್ಥ. ಮಕ್ಕಳು ಮನೆಯ ಹಿರಿಯರಿಂದ ಗಾದೆಗಳನ್ನು ಕೇಳಿ ಸಂಗ್ರಹಿಸಿ, ದೂರದ ಜೊತೆಗಾರ ತರಗತಿಯೊಂದಿಗೆ ಹಂಚಿಕೊಂಡರು. ಹೀಗೆ ಅಜ್ಜಿಯ ಮಾತೂ ಪಾಠವಾಯಿತು.

ಪುಸ್ತಕ ಸಿದ್ಧವಾಗುವ ಬಗೆ

ಕೆನಡಾದ ಟೊರಾಂಟೊ ಸಮೀಪದ ಮಿಸಿಸಾಗಾದಲ್ಲಿ ಥಾರ್ನ್‌ವುಡ್ ಎಂಬ ಸರ್ಕಾರಿ ಶಾಲೆಯಿದೆ. ವಲಸೆ ಬಂದ ಕುಟುಂಬಗಳ ಮಕ್ಕಳೇ ಹೆಚ್ಚಿರುವ ಈ ಶಾಲೆಯಲ್ಲಿ ಹತ್ತಾರು ಮನೆಮಾತುಗಳಿವೆ. ಇಲ್ಲಿನ ಶಿಕ್ಷಕರು ವಿಶ್ವವಿದ್ಯಾಲಯದ ವಿದ್ವಾಂಸರ ಜೊತೆಗೂಡಿ ದ್ವಿಭಾಷಾ ಪುಸ್ತಕಗಳನ್ನು ಮಾಡಿಸಿದರು. ಕಥೆಯ ಚರ್ಚೆ ತರಗತಿಯಲ್ಲಿ, ಕರಡು ಇಂಗ್ಲಿಷಿನಲ್ಲಿ, ಚಿತ್ರ ಮಗುವಿನದೇ. ಬಳಿಕ ಹಾಳೆಗಳು ಮನೆಗೆ ಹೋಗುತ್ತವೆ. ತಂದೆತಾಯಿ ಮಗುವಿನೊಂದಿಗೆ ಕುಳಿತು ಅದನ್ನು ಮನೆಮಾತಿಗೆ ತರುತ್ತಾರೆ. ಇಂಗ್ಲಿಷ್ ಬಾರದೆಂದು ಶಾಲೆಯ ಬಾಗಿಲಲ್ಲೇ ಹಿಂಜರಿಯುವ ತಾಯಿ ಇಲ್ಲಿ ಭಾಷಾಂತರಕಾರ್ತಿ.

ಅದೇ ಪ್ರದೇಶದ ಇನ್ನೊಂದು ಶಾಲೆಯಲ್ಲಿ ಏಳನೇ ತರಗತಿಯ ಮೂವರು ವಿದ್ಯಾರ್ಥಿನಿಯರು ಇಂಗ್ಲಿಷ್ ಮತ್ತು ಉರ್ದುವಿನಲ್ಲಿ 20 ಪುಟಗಳ ಪುಸ್ತಕ ರಚಿಸಿದರು. ಹುಟ್ಟೂರು ಬಿಟ್ಟು ಹೊಸ ದೇಶಕ್ಕೆ ಬರುವ ಸಂಕಟವೇ ಅದರ ವಸ್ತು. ಅವರಲ್ಲೊಬ್ಬಳು ಕೆನಡಾಕ್ಕೆ ಬಂದು ಕೆಲವೇ ವಾರಗಳಾಗಿದ್ದವು. ಇಂಗ್ಲಿಷ್ ಮಾತ್ರ ನಡೆಯುವ ತರಗತಿಯಲ್ಲಾಗಿದ್ದರೆ ಅವಳು ಮೂಲೆ ಸೇರುತ್ತಿದ್ದಳು. ಚರ್ಚೆ ಉರ್ದುವಿನಲ್ಲಿ ನಡೆದದ್ದರಿಂದ ಅವಳೂ ಲೇಖಕಿಯಾದಳು.

ಎರಡು ಭಾಷೆ ಕಲಿತರೆ ಮಗು ಗೊಂದಲಕ್ಕೆ ಬೀಳುವುದಿಲ್ಲವೇ? ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದ ವಾದ ಇದಕ್ಕೆ ಉತ್ತರ ಕೊಡುತ್ತದೆ. ಮೇಲ್ನೋಟಕ್ಕೆ ಭಾಷೆಗಳು ಬೇರೆಯಾದರೂ ಅರ್ಥ ಗ್ರಹಿಸುವ, ವಿಷಯ ಜೋಡಿಸುವ ಸಾಮರ್ಥ್ಯದ ಬುನಾದಿ ಒಂದೇ. ಒಂದು ಭಾಷೆಯಲ್ಲಿ ಗಳಿಸಿದ್ದು ಇನ್ನೊಂದಕ್ಕೆ ಒದಗುತ್ತದೆ.

ತೊಡಕುಗಳಿಲ್ಲವೆಂದಲ್ಲ. ಉರ್ದು ಬಲದಿಂದ ಎಡಕ್ಕೆ, ಇಂಗ್ಲಿಷ್ ಎಡದಿಂದ ಬಲಕ್ಕೆ; ಪುಸ್ತಕ ತೆರೆಯುವುದು ಯಾವ ಕಡೆಯಿಂದ ಎಂಬುದೇ ಪ್ರಶ್ನೆ. ಶಿಕ್ಷಕರಿಗೆ ಮಗುವಿನ ಭಾಷೆ ಬಾರದು. ಎಲ್ಲ ಪೋಷಕರೂ ಅಕ್ಷರಸ್ಥರಲ್ಲ. ಪಠ್ಯ ಮುಗಿಸುವ ಆತುರವಂತೂ ಎಲ್ಲೆಡೆ ಇದ್ದದ್ದೇ.

ನಮ್ಮಲ್ಲಿ

ಕರ್ನಾಟಕಕ್ಕೆ ಈ ಪ್ರಶ್ನೆ ಹೊರಗಿನದಲ್ಲ. ತಾಂಡಾದ ಲಂಬಾಣಿ, ಕರಾವಳಿಯ ತುಳು, ಕೊಂಕಣಿ, ಬೆಳಗಾವಿಯ ಮರಾಠಿ, ಕೋಲಾರದ ತೆಲುಗು ಮನೆಮಾತಿನ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಕನ್ನಡದ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ದ್ವಿಭಾಷಾ ಪಠ್ಯಪುಸ್ತಕಗಳ ಬಗ್ಗೆ ಹೇಳಿದೆ. ಆದರೆ ಪಠ್ಯಪುಸ್ತಕ ದೊಡ್ಡವರು ಬರೆದುಕೊಡುವಂಥದು. ಮಕ್ಕಳೇ ಬರೆಯುವ ಪುಸ್ತಕಕ್ಕೆ ನಾಲ್ಕು ಹಾಳೆ, ಬಣ್ಣದ ಕಡ್ಡಿ, ದಾರ ಸಾಕು. ತುಳುವನ್ನಾಗಲಿ ಲಂಬಾಣಿಯನ್ನಾಗಲಿ ಕನ್ನಡ ಲಿಪಿಯಲ್ಲೇ ಬರೆಯಬಹುದು. ಓದುಬರಹ ಬಾರದ ಅಜ್ಜ ಕಥೆ ಹೇಳಿದರೆ ಮೊಮ್ಮಗಳು ಬರೆದುಕೊಳ್ಳಬಹುದು.

ಅಂಥ ಪುಸ್ತಕವೊಂದು ಶಾಲೆಯ ಕಪಾಟಿನಲ್ಲಿ ಉಳಿದ ಪುಸ್ತಕಗಳ ಪಕ್ಕದಲ್ಲಿ ನಿಂತರೆ, ತನ್ನ ಮನೆಯ ಮಾತಿಗೂ ಇಲ್ಲಿ ಜಾಗವಿದೆ ಎಂಬುದು ಮಗುವಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.