ಒಂದೇ ಎಂಜಿನ್, ಹಲವು ಹೆಸರು

ಮೋಟಾರು ವಾಹನಗಳ ವಿಷಯದಲ್ಲಿ ನಮ್ಮ ಜನಕ್ಕೆ ಕುಲಾಭಿಮಾನ ಹೆಚ್ಚು. ಇಂಥ ಕಂಪನಿಯದಾದರೆ ಕಣ್ಣು ಮುಚ್ಚಿ ಕೊಳ್ಳಬಹುದು, ಅಂಥ ಕಂಪನಿಯದಾದರೆ ಪುಕ್ಕಟೆ ಕೊಟ್ಟರೂ ಬೇಡ ಎನ್ನುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಹಳೆಯ ಕಾರುಗಳ ವ್ಯಾಪಾರದಲ್ಲಿ ಈ ಅಭಿಪ್ರಾಯವೇ ರೂಪಾಯಿಯಾಗಿ ಮಾರ್ಪಡುತ್ತದೆ. ಒಂದೇ ವಯಸ್ಸಿನ, ಹೆಚ್ಚುಕಡಿಮೆ ಒಂದೇ ದೂರ ಓಡಿದ ಎರಡು ಡೀಸೆಲ್ ಕಾರುಗಳಲ್ಲಿ ಒಂದಕ್ಕೆ ಗಿರಾಕಿಗಳು ಮುಗಿಬೀಳುತ್ತಾರೆ; ಇನ್ನೊಂದು ದಲ್ಲಾಳಿಯ ಅಂಗಳದಲ್ಲಿ ಧೂಳು ತಿನ್ನುತ್ತ ನಿಲ್ಲುತ್ತದೆ. ಎರಡರ ಬಾನೆಟ್ಟನ್ನೂ ಎತ್ತಿ ನೋಡಿದರೆ ಒಳಗಿರುವುದು ಒಂದೇ ವಂಶದ ಎಂಜಿನ್! ಒಂದೇ ಎಂಜಿನ್ ಒಂದು ಮನೆಯಲ್ಲಿ ನಂಬಿಕಸ್ಥನೆನಿಸಿ, ಇನ್ನೊಂದು ಮನೆಯಲ್ಲಿ ತಂಟೆಕೋರನೆನಿಸುವುದು ಹೇಗೆ? ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಉದಾಹರಣೆಗೆ ನಮ್ಮ ರಸ್ತೆಗಳಲ್ಲಿ ಚಿರಪರಿಚಿತವಾದ ಒಂದು ಎಂಜಿನ್ನನ್ನೇ ತೆಗೆದುಕೊಳ್ಳೋಣ. ಇಟಲಿಯ ಫಿಯಟ್ ಕಂಪನಿಯು ‘ಮಲ್ಟಿಜೆಟ್’ ಎಂಬ ಹೆಸರಿನಲ್ಲಿ 2003ರಲ್ಲಿ ಪೋಲೆಂಡ್ ದೇಶದ ಬಿಯೆಲ್‌ಸ್ಕೊ-ಬಿಯಾವಾ ಪಟ್ಟಣದ ಕಾರ್ಖಾನೆಯಲ್ಲಿ ಇದರ ತಯಾರಿಕೆಯನ್ನು ಆರಂಭಿಸಿತು. ನಾಲ್ಕು ಸಿಲಿಂಡರುಗಳು, ಒಟ್ಟು 1248 ಘನ ಸೆಂಟಿಮೀಟರ್. ಒಂದೊಂದು ಸಿಲಿಂಡರಿನ ಅಗಲ 69.6 ಮಿಲಿಮೀಟರ್, ಅದರೊಳಗೆ ಪಿಸ್ಟನ್ ಏರಿಳಿಯುವ ದೂರ 82 ಮಿಲಿಮೀಟರ್. ಎಂದರೆ ನಮ್ಮ ಮನೆಯ ನೀರಿನ ಲೋಟದ ಅಳತೆ. ನಾಲ್ಕು ಲೋಟಗಳಷ್ಟು ಜಾಗದಲ್ಲಿ ಉರಿಯುವ ಎಣ್ಣೆಯು ಐದು ಜನರನ್ನು ಘಟ್ಟ ಹತ್ತಿಸುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾಯುತ್ತದೆ. ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದೊಡನೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಎಣ್ಣೆಯೆಲ್ಲ ಒಮ್ಮೆಲೇ ಹೊತ್ತಿಕೊಂಡರೆ ಹಳೆಯ ಲಾರಿಗಳ ಗಡಗಡ ಸದ್ದು ಕೇಳುತ್ತದೆ. ಇದಕ್ಕೆ ಪರಿಹಾರವಾಗಿ ಬಂದದ್ದು ‘ಕಾಮನ್ ರೈಲ್’. ಇಲ್ಲಿ ರೈಲು ಎಂದರೆ ಉಗಿಬಂಡಿಯಲ್ಲ. ಎಲ್ಲ ಸಿಲಿಂಡರುಗಳಿಗೂ ಸಮಾನವಾದ ಒಂದು ಗಟ್ಟಿ ಕೊಳವೆ. ಅದರಲ್ಲಿ ವಾತಾವರಣದ ಒತ್ತಡದ ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಸಿದ್ಧವಾಗಿರುತ್ತದೆ. ವಿದ್ಯುತ್ ಆಜ್ಞೆ ಬಂದ ಕ್ಷಣದಲ್ಲಿ ಇಂಜೆಕ್ಟರ್ ಬಾಯಿ ತೆರೆದು ಹನಿಸಿ ಮುಚ್ಚುತ್ತದೆ. ಫಿಯಟ್ಟಿನ ಸಂಶೋಧಕರು ಬೆಳೆಸಿದ ಈ ವಿಧಾನವನ್ನು ಜರ್ಮನಿಯ ಬಾಷ್ ಕಂಪನಿ ಕೊಂಡು ತಯಾರಿಕೆಗೆ ಸಜ್ಜುಗೊಳಿಸಿತು. 1997ರಲ್ಲಿ ಆಲ್ಫಾ ರೋಮಿಯೊ 156 ಎಂಬ ಕಾರಿನಲ್ಲಿ ಅದು ರಸ್ತೆಗಿಳಿಯಿತು. ಮಲ್ಟಿಜೆಟ್‌ನಲ್ಲಿ ಒಂದು ಬಾರಿಯ ದಹನಕ್ಕೆ ಬೇಕಾದ ಎಣ್ಣೆಯನ್ನು ಐದು ಕಂತುಗಳವರೆಗೆ ಒಡೆದು ಕೊಡುವ ಏರ್ಪಾಡಿದೆ. ಸದ್ದು ತಗ್ಗಿದ್ದಕ್ಕೆ ಇದೇ ಕಾರಣ.

ಇಂಥ ಎಂಜಿನ್ನನ್ನು ಹೊಸದಾಗಿ ರೂಪಿಸಿ, ಅಚ್ಚುಗಳನ್ನು ಮಾಡಿಸಿ, ಹೊಗೆಯ ಪರೀಕ್ಷೆಗಳಲ್ಲಿ ತೇರ್ಗಡೆ ಮಾಡಿಸಲು ತಗಲುವ ವೆಚ್ಚ ಅಪಾರ. ಆದುದರಿಂದ ಅದನ್ನು ಹಂಚಿಕೊಳ್ಳುವುದು ವ್ಯಾಪಾರದ ಜಾಣತನ. ಅಮೆರಿಕದ ಜನರಲ್ ಮೋಟಾರ್ಸ್ 2000ದಲ್ಲಿ ಫಿಯಟ್ ಜೊತೆ ಸಂಬಂಧ ಬೆಳೆಸಿತ್ತು. 2005ರಲ್ಲಿ ಆ ಸಂಬಂಧ ಮುರಿಯಿತಾದರೂ ಎಂಜಿನ್ನಿನ ಬಳಕೆ ನಿಲ್ಲಲಿಲ್ಲ. ಜಪಾನಿನ ಸುಜುಕಿ ಪರವಾನಗಿ ಪಡೆಯಿತು. ಭಾರತದಲ್ಲಿ ಹರಿಯಾಣದ ಮಾನೇಸರದಲ್ಲಿ ತಯಾರಾದದ್ದು 2007ರಿಂದ ಮಾರುತಿ ಸ್ವಿಫ್ಟ್ ಕಾರಿಗೆ. ಪುಣೆಯ ಬಳಿಯ ರಾಂಜಣಗಾಂವ್‌ನಲ್ಲಿ ತಯಾರಾದದ್ದು ಫಿಯಟ್ಟಿಗೂ ಟಾಟಾ ಇಂಡಿಕಾ ವಿಸ್ಟಾಕ್ಕೂ. ಷೆವರ್ಲೆ ಸೇಲ್, ಪ್ರೀಮಿಯರ್ ರಿಯೊ ಕಾರುಗಳೂ ಇದೇ ಎಂಜಿನ್ನನ್ನು ಹೊತ್ತವು. ಒಬ್ಬರು ಡಿಡಿಐಎಸ್ ಎಂದು ಕರೆದರು, ಇನ್ನೊಬ್ಬರು ಕ್ವಾಡ್ರಾಜೆಟ್ ಎಂದರು, ಮತ್ತೊಬ್ಬರು ಸ್ಮಾರ್ಟೆಕ್ ಎಂದರು. ಪತ್ರಕರ್ತರು ಎಲ್ಲವನ್ನೂ ಒಟ್ಟುಗೂಡಿಸಿ ‘ರಾಷ್ಟ್ರೀಯ ಎಂಜಿನ್’ ಎಂಬ ಬಿರುದನ್ನೇ ಕೊಟ್ಟುಬಿಟ್ಟರು. ಇಂಥ ಹಂಚಿಕೆ ಬೆಂಗಳೂರಿನವರಿಗೆ ಹೊಸದಲ್ಲ. ಆಡುಗೋಡಿಯ ಮೈಕೋ ಕಾರ್ಖಾನೆಯಿಂದ ಹೊರಟ ಡೀಸೆಲ್ ಪಂಪುಗಳು ದಶಕಗಳ ಕಾಲ ನಾನಾ ಕಂಪನಿಗಳ ಲಾರಿ, ಟ್ರಾಕ್ಟರುಗಳಲ್ಲಿ ಕೂತು ದುಡಿದಿವೆ.

ಹಾಗಾದರೆ ಹುಟ್ಟು ಒಂದೇ ಆದ ಮೇಲೆ ನಡತೆಯೂ ಒಂದೇ ಆಗಬೇಡವೆ? ಇಲ್ಲಿಯೇ ಸೂಕ್ಷ್ಮವಿರುವುದು. ಪಿಸ್ಟನ್, ಕ್ರಾಂಕು, ಸಿಲಿಂಡರುಗಳ ಎರಕ ಇವು ಹುಟ್ಟುಗುಣ. ಆದರೆ ಎಂಜಿನ್ನನ್ನು ತಣ್ಣಗಿಡುವ ರೇಡಿಯೇಟರ್, ಗಾಳಿ ಸೋಸುವ ಫಿಲ್ಟರ್, ತಂತಿಗಳ ಜಾಲ, ವಿದ್ಯುನ್ಮಾನ ಪೆಟ್ಟಿಗೆಗೆ ತುಂಬಿದ ಆಜ್ಞೆಗಳು, ಕ್ಲಚ್ಚು, ಗೇರುಪೆಟ್ಟಿಗೆ ಇವೆಲ್ಲ ಆಯಾ ಮನೆಯ ಸಂಸ್ಕಾರ. ಟರ್ಬೊ ಕೂಡ ಎಲ್ಲ ಕಡೆ ಒಂದೇ ಅಲ್ಲ: ಸುಮಾರು 75 ಅಶ್ವಶಕ್ತಿಯ ರೂಪದಲ್ಲಿ ಅದು ಸರಳವಾದದ್ದು, 90 ಅಶ್ವಶಕ್ತಿಯ ರೂಪದಲ್ಲಿ ಅಲಗುಗಳ ಕೋನವನ್ನು ಬದಲಿಸಿಕೊಳ್ಳುವಂಥದ್ದು. ಬಲ ಹೆಚ್ಚಿದಂತೆ ಚಲಿಸುವ ಭಾಗಗಳೂ ಹೆಚ್ಚುತ್ತವೆ, ಮಸಿ ಕಟ್ಟಿ ಸಿಕ್ಕಿಕೊಳ್ಳುವ ಅವಕಾಶವೂ ಹೆಚ್ಚುತ್ತದೆ.

ಎಲ್ಲಕ್ಕಿಂತ ದೊಡ್ಡ ಮಾತು ಆಯಿಲಿನದು. ಈ ಎಂಜಿನ್ನಿನಲ್ಲಿ ಕವಾಟಗಳ ಲಯವನ್ನು ಕಾಯುವುದು ಒಂದು ಉಕ್ಕಿನ ಸರಪಳಿ; ಆ ಸರಪಳಿಯನ್ನು ಬಿಗಿಯಾಗಿ ಹಿಡಿದಿರುವುದು ಆಯಿಲಿನ ಒತ್ತಡ. ಒಳಗೆ ಹಿಡಿಸುವ ಆಯಿಲಾದರೋ ಸುಮಾರು 3 ಲೀಟರ್ ಮಾತ್ರ. ಯುರೋಪಿನ ಉದ್ದನೆಯ ಹೆದ್ದಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡವರು 30,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿದರೆ ಸಾಕೆಂದರು. ನಮ್ಮ ಧೂಳಿನಲ್ಲಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಪೇಟೆಯ ಓಡಾಟದಲ್ಲಿ, ಆಯಿಲ್ ಅಷ್ಟು ದೂರ ಬಾಳುವುದಿಲ್ಲ. ಅದು ಕೆಟ್ಟರೆ ಅಥವಾ ಮಟ್ಟ ಇಳಿದರೆ ಸರಪಳಿ ಸವೆದು ಸಡಿಲಗೊಂಡು, ಬೆಳಗಿನ ಹೊತ್ತು ಗಾಡಿ ಚಾಲೂ ಮಾಡಿದಾಗ ಗಿಲಕಿಯಾಡಿಸಿದಂತೆ ಸದ್ದು ಮಾಡುತ್ತದೆ. ಆ ಸದ್ದನ್ನು ಕೇಳಿಯೂ ಕೇಳದಂತಿದ್ದರೆ ಒಂದು ದಿನ ಸರಪಳಿ ಹಲ್ಲು ತಪ್ಪಿ, ಕವಾಟಕ್ಕೂ ಪಿಸ್ಟನ್ನಿಗೂ ಡಿಕ್ಕಿಯಾಗುತ್ತದೆ. ಜನ ಬಯ್ಯುವುದು ಬಾನೆಟ್ಟಿನ ಮೇಲಿನ ಹೆಸರನ್ನು!

ಇನ್ನೊಂದು ಕಾರಣವನ್ನು ನಾನು ರಿಪೇರಿ ಅಂಗಡಿಗಳ ಬಾಗಿಲಲ್ಲಿ ಕಾಯುತ್ತ ಕುಳಿತು ಕಂಡುಕೊಂಡೆ. ಲಕ್ಷಗಟ್ಟಲೆ ಮಾರಾಟವಾದ ಗಾಡಿಯ ಮೇಲೆ ಪ್ರತಿ ಊರಿನ ಮೆಕ್ಯಾನಿಕ್ಕನ ಕೈ ಪಳಗಿರುತ್ತದೆ. ಕಿವಿಗೊಟ್ಟು ಕೇಳಿಯೇ ಅವನು ರೋಗ ಹೇಳುತ್ತಾನೆ. ಅಪರೂಪದ ಹೆಸರಿನ ಗಾಡಿ ಬಂದರೆ, ಒಳಗೆ ಅದೇ ಎಂಜಿನ್ ಇದ್ದರೂ, ಅವನು ಹಿಂಜರಿಯುತ್ತಾನೆ. ಬಿಡಿಭಾಗಕ್ಕೆ ಹದಿನೈದು ದಿನ ಕಾಯಬೇಕಾಗುತ್ತದೆ. ಬಾಡಿಗೆಗೆ ಓಡಿಸಿ ಸಾಲದ ಕಂತು ಕಟ್ಟುವವನಿಗೆ ಆ ಹದಿನೈದು ದಿನವೆಂದರೆ ಮನೆಯ ಅಕ್ಕಿಬೇಳೆಯ ಪ್ರಶ್ನೆ. ನಂಬಿಕೆ ಎನ್ನುವುದು ಲೋಹದ ಗುಣವಾಗಿರುವಂತೆಯೇ ಆ ಲೋಹವನ್ನು ಬಲ್ಲ ಕೈಗಳ ಸಂಖ್ಯೆಯೂ ಹೌದು.

ಹಂಚಿಕೆಯಲ್ಲಿ ಅಪಾಯವೂ ಇದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಡೀಸೆಲ್ ಎಂಜಿನ್ನೊಂದು ಹೊಗೆಯ ಪರೀಕ್ಷೆಯಲ್ಲಿ ಮೋಸಮಾಡುವಂತೆ ಆಜ್ಞೆ ಹೊತ್ತಿತ್ತೆಂಬುದು ಬಯಲಾಯಿತು. ಎಂಜಿನ್ ಒಂದೇ ವಂಶದ್ದಾದ್ದರಿಂದ ಕಳಂಕ ಆಡಿ, ಸ್ಕೋಡಾ, ಸೇಯಟ್ ಹೆಸರುಗಳಿಗೂ ಹಬ್ಬಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳು ಅದರ ಸುಳಿಗೆ ಸಿಕ್ಕವು. ಗುಣ ಹಂಚಿಕೊಂಡವರು ದೋಷವನ್ನೂ ಹಂಚಿಕೊಳ್ಳಬೇಕಾಗುತ್ತದೆ.

ಆದರೂ ಲಾಭದ ತಟ್ಟೆಯೇ ತೂಗುತ್ತದೆಂದು ನನ್ನ ಎಣಿಕೆ. ಜನರಲ್ ಮೋಟಾರ್ಸ್ 2017ರ ಕೊನೆಯಲ್ಲಿ ಭಾರತದಲ್ಲಿ ತನ್ನ ಕಾರುಗಳ ಮಾರಾಟವನ್ನು ನಿಲ್ಲಿಸಿತು. ಫಿಯಟ್ ಕಾರುಗಳೂ ಅಂಗಡಿಗಳಿಂದ ಮರೆಯಾದವು. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಜಾರಿಗೆ ಬಂದಾಗ ಮಾರುತಿಯೂ ಡೀಸೆಲ್ ಕಾರುಗಳಿಗೆ ವಿದಾಯ ಹೇಳಿತು. ಅಲ್ಲಿಗೆ ನಮ್ಮ ದೇಶದ ಹೊಸ ಕಾರುಗಳಲ್ಲಿ ಈ ಎಂಜಿನ್ನಿನ ಕಥೆ ಮುಗಿಯಿತು. ಆದರೆ ಕೊಂಡವರ ಮನೆಯಲ್ಲಿ ಅದಿನ್ನೂ ಓಡುತ್ತಿದೆ. ತಯಾರಕರೇ ಬಿಟ್ಟುಹೋದ ಕಾರುಗಳ ಎಂಜಿನ್ನುಗಳು ಸೋದರ ಸಂಬಂಧಿಗಳ ಬಿಡಿಭಾಗಗಳನ್ನೂ, ಅವುಗಳ ಮೇಲೆ ಪಳಗಿದ ಕೈಗಳನ್ನೂ ಆಶ್ರಯಿಸಿ ಉಳಿದಿವೆ. ಎಲ್ಲ ಭಾಗಗಳೂ ಅದಲುಬದಲಾಗುತ್ತವೆಂದು ಮಾತ್ರ ತಿಳಿಯಬಾರದು. ಭಾಗದ ಮೇಲಿನ ಸಂಖ್ಯೆಯನ್ನು ತಾಳೆನೋಡಿಯೇ ಕೊಳ್ಳಬೇಕು.

ಆದುದರಿಂದ ಹಳೆಯ ಡೀಸೆಲ್ ಕಾರನ್ನು ಕೊಳ್ಳಹೊರಟವರು ಹೆಸರನ್ನು ಕೇಳುವ ಮೊದಲು ಬೇರೆ ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಒಳಗಿರುವ ಎಂಜಿನ್ ಯಾವ ವಂಶದ್ದು, ಆಯಿಲ್ ಬದಲಿಸಿದ ಲೆಕ್ಕ ಎಲ್ಲಿದೆ, ಇದನ್ನು ಬಿಚ್ಚಿ ಜೋಡಿಸಬಲ್ಲವರು ನಮ್ಮೂರಿನಲ್ಲಿ ಯಾರಿದ್ದಾರೆ ಎಂದು ಕೇಳಿ. ರಾತ್ರಿಯಿಡೀ ತಣ್ಣಗೆ ನಿಂತ ಎಂಜಿನ್ನನ್ನು ಬೆಳಿಗ್ಗೆ ನಿಮ್ಮ ಎದುರಿನಲ್ಲಿಯೇ ಚಾಲೂ ಮಾಡಿಸಿ, ಮೊದಲ ಕ್ಷಣಗಳ ಸದ್ದಿಗೆ ಕಿವಿಗೊಡಿ. ಬಾನೆಟ್ಟಿನ ಮೇಲಿನ ಹೆಸರು ಹೇಳದ ಎಷ್ಟೋ ಸಂಗತಿಗಳನ್ನು ಆ ಸದ್ದು ಹೇಳುತ್ತದೆ.